ತಂಗಿಗೆ ಮಜ್ಜೆ ಕೊಟ್ಟ ಅಣ್ಣ: ಕೊಡುವ ಮಗುವಿನ ಬಗ್ಗೆಯೂ ತಿಳಿಯೋಣ

ರಕ್ತದಾನದ ಬಗ್ಗೆ ನಮ್ಮ ಹಳ್ಳಿಗಳಲ್ಲಿ ಈಗ ಅಷ್ಟು ಭಯವಿಲ್ಲ. ಶಿಬಿರ ಹಾಕಿದರೆ ಯುವಕರು ತಾವಾಗಿಯೇ ಬಂದು ಮಲಗುತ್ತಾರೆ. ನೇತ್ರದಾನದ ಪತ್ರಕ್ಕೂ ಸಹಿ ಹಾಕುತ್ತಾರೆ. ಆದರೆ 'ಬೋನ್ ಮ್ಯಾರೊ' ಅಂದ ಕೂಡಲೇ ಮುಖ ಬಾಡುತ್ತದೆ. ಮೂಳೆ ಕೊಯ್ದು ತೆಗೀತಾರಂತೆ, ಬೆನ್ನುಹುರಿಗೆ ಸೂಜಿ ಹಾಕ್ತಾರಂತೆ, ಕೊಟ್ಟವರಿಗೆ ಆಮೇಲೆ ಸೊಂಟಾನೇ ನಿಲ್ಲಲ್ವಂತೆ. ಈ 'ಅಂತೆ'ಗಳನ್ನು ನಾವು ಸಂಘದ ಸಭೆಗಳಲ್ಲಿ ಕೇಳುತ್ತಲೇ ಬಂದಿದ್ದೇವೆ. ಅದರಲ್ಲೂ ಮಜ್ಜೆ ಕೊಡಬೇಕಾದದ್ದು ಮನೆಯ ಇನ್ನೊಂದು ಪುಟ್ಟ ಮಗುವೇ ಆದರೆ ತಂದೆತಾಯಿಗೆ ದಿಕ್ಕೇ ತೋಚುವುದಿಲ್ಲ. ಒಂದು ಮಗು ಉಳಿಯಲೆಂದು ಇನ್ನೊಂದು ಮಗುವನ್ನು ನೋಯಿಸುವುದು ಸರಿಯೇ?

ನಮ್ಮ ಕಾರ್ಯಕ್ಷೇತ್ರದ ಒಂದು ಕುಟುಂಬ ಈ ಪ್ರಶ್ನೆಯನ್ನು ಎದುರಿಸಿತು. ತಂದೆ ಗೂಡ್ಸ್ ಆಟೋ ಓಡಿಸುತ್ತಾರೆ. ತಾಯಿ ಸ್ವಸಹಾಯ ಸಂಘದ ಸದಸ್ಯೆ. ಮೂವರು ಮಕ್ಕಳು. ಹನ್ನೆರಡು ವರ್ಷದ ಅಕ್ಕ, ಒಂಬತ್ತು ವರ್ಷದ ಅಣ್ಣ, ಆರು ವರ್ಷದ ತಂಗಿ. ಪರೀಕ್ಷೆಯ ದಿನದಿಂದ ಇಂದಿನವರೆಗೂ ನಾವು ಅವರ ಜೊತೆಯಲ್ಲಿದ್ದೇವೆ. ಹೆಸರು, ಊರು ಬೇಡ, ಉಳಿದದ್ದೆಲ್ಲ ಬರೆಯಿರಿ ಎಂದು ಅವರೇ ಹೇಳಿದ ಮೇಲೆ ಇದನ್ನು ಬರೆಯುತ್ತಿದ್ದೇವೆ.

ಪ್ರತಿ ಮೂರು ವಾರಕ್ಕೊಮ್ಮೆ ರಕ್ತ

ಚಿಕ್ಕ ಹುಡುಗಿಗೆ ಇದ್ದ ಕಾಯಿಲೆ ಥಲಸ್ಸೇಮಿಯಾ ಮೇಜರ್. ಹುಟ್ಟಿದಾಗ ಮಗು ಚೆನ್ನಾಗಿಯೇ ಇರುತ್ತದೆ. ಆರು ತಿಂಗಳು ದಾಟಿದ ಮೇಲೆ ಬಿಳುಚಿಕೊಳ್ಳುತ್ತದೆ, ಹಾಲು ಕುಡಿಯುವುದಿಲ್ಲ, ಹೊಟ್ಟೆ ಉಬ್ಬುತ್ತದೆ. ಕೆಂಪು ರಕ್ತಕಣಗಳಲ್ಲಿ ಇರಬೇಕಾದ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದೇ ಇರುವುದು ಇದಕ್ಕೆ ಕಾರಣ. ಇದು ಅಂಟುರೋಗವಲ್ಲ, ಯಾರ ಶಾಪವೂ ಅಲ್ಲ. ತಂದೆ ತಾಯಿ ಇಬ್ಬರಲ್ಲೂ ಈ ದೋಷದ ಒಂದೊಂದು ಪ್ರತಿ ಇರುತ್ತದೆ. ಅವರಿಗೆ ಅದರಿಂದ ಏನೂ ತೊಂದರೆ ಇಲ್ಲ, ಇದೆಯೆಂದು ಗೊತ್ತೂ ಇರುವುದಿಲ್ಲ. ಎರಡೂ ಪ್ರತಿ ಒಂದೇ ಮಗುವಿಗೆ ಬಂದಾಗ ಕಾಯಿಲೆ ಕಾಣಿಸಿಕೊಳ್ಳುತ್ತದೆ.

ಅಂಥ ಮಗುವಿಗೆ ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಲೇಬೇಕು. ಜೀವನಪೂರ್ತಿ. ಕೊಟ್ಟ ರಕ್ತದಲ್ಲಿರುವ ಕಬ್ಬಿಣದ ಅಂಶ ಹೊರಗೆ ಹೋಗಲು ದಾರಿಯಿಲ್ಲದೆ ಪಿತ್ತಜನಕಾಂಗ, ಹೃದಯಗಳಲ್ಲಿ ಕೂರುತ್ತದೆ. ಅದನ್ನು ಇಳಿಸಲು ದಿನಾ ಡೆಫೆರಾಸಿರಾಕ್ಸ್‌ನಂಥ ಮಾತ್ರೆ ಬೇಕು. ಈ ತಾಯಿ ಐದು ವರ್ಷ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಜಿಲ್ಲಾ ಕೇಂದ್ರಕ್ಕೆ ಬಸ್ಸು ಹತ್ತಿದ್ದಾರೆ. ರಕ್ತ ಹಾಕಿಸಿದ ವಾರ ಮಗು ಕುಣಿಯುತ್ತಿತ್ತು. ಮೂರನೇ ವಾರಕ್ಕೆ ಮೆಟ್ಟಿಲ ಮೇಲೆ ಕೂತುಬಿಡುತ್ತಿತ್ತು. ಈ ಕಾಯಿಲೆಯನ್ನು ಬುಡದಿಂದ ಸರಿಪಡಿಸಲು ಇಷ್ಟು ವರ್ಷಗಳಿಂದ ರೂಢಿಯಲ್ಲಿರುವ ದಾರಿ ಅಸ್ಥಿಮಜ್ಜೆ ಕಸಿ. ಥಲಸ್ಸೇಮಿಯಾಕ್ಕೆ ಇದನ್ನು ಮೊದಲು ಮಾಡಿದ್ದು 1981ರಲ್ಲಿ, ಅಮೆರಿಕದ ಸಿಯಾಟಲ್‌ನಲ್ಲಿ ಮತ್ತು ಇಟಲಿಯ ಪೆಸಾರೊದಲ್ಲಿ. ನಮ್ಮ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1986ರಲ್ಲೇ ಮಜ್ಜೆ ಕಸಿ ಆರಂಭವಾಯಿತು.

ಮಜ್ಜೆ ಅಂದರೇನು?

ಮಟನ್ ಸಾರು ಮಾಡಿದ ದಿನ ನಲ್ಲಿ ಮೂಳೆಗಾಗಿ ಮಕ್ಕಳು ಜಗಳವಾಡುವುದನ್ನು ನೋಡಿದ್ದೀರಲ್ಲ? ತಟ್ಟಿದರೆ ಮೆತ್ತಗೆ ಜಾರಿ ಬರುವುದೇ ಮಜ್ಜೆ. ನಮ್ಮ ಮೂಳೆಗಳೊಳಗೂ ಇದೆ. ದೊಡ್ಡವರ ಕೈಕಾಲಿನ ಉದ್ದ ಮೂಳೆಗಳಲ್ಲಿ ಅದು ಬಹುಪಾಲು ಬರೀ ಕೊಬ್ಬು. ಸೊಂಟದ ಮೂಳೆ, ಎದೆಮೂಳೆ, ಪಕ್ಕೆಲುಬುಗಳಲ್ಲಿ ಇರುವುದು ಕೆಂಪು ಮಜ್ಜೆ. ರಕ್ತ ತಯಾರಾಗುವುದು ಇಲ್ಲಿ. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಇಲ್ಲಿನ ಮೂಲಕೋಶಗಳಿಂದಲೇ ಹುಟ್ಟುತ್ತವೆ.

ಇದಕ್ಕೂ ಬೆನ್ನುಹುರಿಗೂ ಸಂಬಂಧವಿಲ್ಲ. ಬೆನ್ನುಹುರಿ ನರಗಳ ಕಟ್ಟು, ಅದನ್ನು ಯಾರೂ ಮುಟ್ಟುವುದಿಲ್ಲ. ಈ ಒಂದು ಮಾತನ್ನು ನಾವು ನೂರು ಸಲ ಹೇಳಿರಬಹುದು, ಇನ್ನೂ ನೂರು ಸಲ ಹೇಳಬೇಕಾಗಿದೆ.

'ಕಸಿ' ಅಂದರೆ ನಮಗೆ ಮಾವಿನ ಗಿಡದ ಕಸಿ ನೆನಪಾಗುತ್ತದೆ. ನಿಜವಾಗಿ ಈ ಕೆಲಸ ಭತ್ತದ ನಾಟಿಗೆ ಹತ್ತಿರ. ಮೊದಲು ಗದ್ದೆಯ ಕಳೆ ತೆಗೆದು ಹದ ಮಾಡುವ ಹಾಗೆ, ಕಾಯಿಲೆಯ ಮಗುವಿನ ಹಳೆಯ ಮಜ್ಜೆಯನ್ನು ಸುಮಾರು ಒಂದು ವಾರ ಬಲವಾದ ಔಷಧಿ ಕೊಟ್ಟು ಖಾಲಿ ಮಾಡುತ್ತಾರೆ. ಆಮೇಲೆ ಒಡಹುಟ್ಟಿದವರಿಂದ ತೆಗೆದ ಮಜ್ಜೆಯನ್ನು ರಕ್ತ ಏರಿಸುವ ಹಾಗೆಯೇ ನಾಳದ ಮೂಲಕ ಬಿಡುತ್ತಾರೆ. ಪಡೆಯುವ ಮಗುವಿಗೆ ಆಪರೇಷನ್ ಇಲ್ಲ. ಆ ಕೋಶಗಳು ತಾವೇ ದಾರಿ ಹುಡುಕಿಕೊಂಡು ಮೂಳೆಯೊಳಗೆ ಸೇರುತ್ತವೆ. ಎರಡರಿಂದ ನಾಲ್ಕು ವಾರದಲ್ಲಿ ಬೇರು ಹಿಡಿದು ಹೊಸ ರಕ್ತ ಮಾಡಲು ತೊಡಗುತ್ತವೆ.

ಒಡಹುಟ್ಟಿದವರೇ ಯಾಕೆ?

ರಕ್ತದ ಗುಂಪು ಒಂದೇ ಆಗಿರಬೇಕು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಗುಂಪು ಬೇರೆ ಇದ್ದರೂ ನಡೆಯುತ್ತದೆ. ಕೂಡಬೇಕಾದದ್ದು ಎಚ್.ಎಲ್.ಎ. ಎಂಬ ಗುರುತು. ಇದು ನಮ್ಮ ಜೀವಕೋಶಗಳ ಮೇಲಿರುವ ವಿಳಾಸದ ಚೀಟಿ ಇದ್ದ ಹಾಗೆ. ತಂದೆಯಲ್ಲಿ ಎರಡು ಎಳೆ, ತಾಯಿಯಲ್ಲಿ ಎರಡು ಎಳೆ. ಮಗು ಇಬ್ಬರಿಂದಲೂ ಒಂದೊಂದು ಎಳೆ ಪಡೆಯುತ್ತದೆ. ಆದ್ದರಿಂದ ತಂದೆ ತಾಯಿಯ ಗುರುತು ಮಗುವಿಗೆ ಸಾಮಾನ್ಯವಾಗಿ ಅರ್ಧ ಮಾತ್ರ ಕೂಡುತ್ತದೆ. ಒಡಹುಟ್ಟಿದ ಒಬ್ಬೊಬ್ಬರಿಗೂ ಪೂರ್ತಿ ಕೂಡುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇಬ್ಬರಿದ್ದರೆ ಯಾರಾದರೊಬ್ಬರದು ಕೂಡುವ ಸಾಧ್ಯತೆ ನೂರಕ್ಕೆ ಸುಮಾರು 44. ಅಂದರೆ ಅರ್ಧಕ್ಕಿಂತ ಕಡಿಮೆ!

ಜಗತ್ತಿನ ಮೊದಲ ಯಶಸ್ಸುಗಳೂ ಒಡಹುಟ್ಟಿದವರಿಂದಲೇ ಬಂದವು. 1968ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಡಾ. ರಾಬರ್ಟ್ ಗುಡ್ ಅವರು ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟಿದ್ದ ಗಂಡುಕೂಸಿಗೆ ಅದರ ಅಕ್ಕನ ಮಜ್ಜೆ ಕೊಟ್ಟು ಉಳಿಸಿದರು. ನಮ್ಮ ದೇಶದಲ್ಲಿ 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಡಾ. ಸುರೇಶ್ ಅಡ್ವಾಣಿ ಅವರ ತಂಡ ರಕ್ತಕ್ಯಾನ್ಸರ್ ಇದ್ದ ಒಂಬತ್ತು ವರ್ಷದ ಹುಡುಗಿಗೆ ಕಸಿ ಮಾಡಿತು. ಮಜ್ಜೆ ಕೊಟ್ಟದ್ದು ಅವಳ ಸಹೋದರ. ಪೋಲಿಯೊದಿಂದಾಗಿ ಬಾಲ್ಯದಿಂದ ಗಾಲಿಕುರ್ಚಿಯಲ್ಲೇ ಇದ್ದ ವೈದ್ಯರು ಆ ಕೆಲಸದ ಮುಂದಾಳು ಎಂಬುದನ್ನು ನಮ್ಮ ವಿಕಲಚೇತನ ಬಂಧುಗಳಿಗೆ ಹೇಳದೇ ಇರಲಾರೆವು.

ನಾವು ಕಂಡ ಮನೆಯಲ್ಲಿ ಮೂವರು ಮಕ್ಕಳದೂ ಕೆನ್ನೆಯ ಒಳಭಾಗದಿಂದ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆದರು. ನೋವಿಲ್ಲ, ಒಂದು ನಿಮಿಷದ ಕೆಲಸ. ಅಕ್ಕ ಮೊದಲೇ 'ನಾನೇ ಕೊಡ್ತೀನಿ' ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ವರದಿ ಬಂದಾಗ ಅವಳದು ಕೂಡಿರಲಿಲ್ಲ. ತಮ್ಮನದು ಪೂರ್ತಿ ಕೂಡಿತ್ತು. ಅವಳು ಎರಡು ದಿನ ಊಟ ಬಿಟ್ಟು ಅತ್ತಳು. ಕೂಡದೇ ಹೋದ ಮಗುವಿಗೂ ಒಂದು ಮಾತು ಹೇಳಬೇಕಾಗುತ್ತದೆ, ಇದು ಪ್ರೀತಿಯ ಪರೀಕ್ಷೆ ಅಲ್ಲ ಅಂತ.

ಒಬ್ಬರದೂ ಕೂಡದಿದ್ದರೆ ಇನ್ನೊಂದು ಮಗು ಮಾಡ್ಕೊಂಡ್ರೆ ಹೇಗೆ ಎಂದು ಕೇಳುವವರಿದ್ದಾರೆ. ಲೆಕ್ಕ ನೋಡಿ. ಹುಟ್ಟುವ ಮಗುವಿನ ಗುರುತು ಕೂಡಿ, ಅದಕ್ಕೆ ಕಾಯಿಲೆಯೂ ಇಲ್ಲದಿರುವ ಸಾಧ್ಯತೆ ಹದಿನಾರರಲ್ಲಿ ಮೂರು ಮಾತ್ರ. ಆ ಮಗುವಿಗೇ ಥಲಸ್ಸೇಮಿಯಾ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ವೈದ್ಯರ ಜೊತೆ ಕೂತು ಮಾತಾಡದೆ ಈ ದಾರಿ ಹಿಡಿಯಬೇಡಿ.

'ಹೆಣ್ಮಗೀಗೋಸ್ಕರ ಗಂಡ್ಮಗೀನ ಚುಚ್ಚುಸ್ತೀರಾ?'

ವರದಿ ಬಂದ ಮೇಲೆ ನಿಜವಾದ ಗಲಾಟೆ ಶುರುವಾಯಿತು. ಅಜ್ಜಿ ಊಟಕ್ಕೆ ಕೂತವರು ತಟ್ಟೆ ಸರಿಸಿ ಎದ್ದರು. ಇರೋನು ಒಬ್ಬ ಗಂಡುಮಗ, ನಾಳೆ ಅವನ ಸೊಂಟ ಬಿದ್ದೋದ್ರೆ ಮನೆ ನೋಡೋರ್ಯಾರು, ಅವಳು ಎಂದಿದ್ರೂ ಬೇರೆ ಮನೆಗೆ ಹೋಗೋಳು. ಇದು ಅವರ ವಾದ. ತಂದೆ ಏನೂ ಹೇಳಲಿಲ್ಲ. ಸುಮ್ಮನಿದ್ದದ್ದೂ ಒಂದು ಉತ್ತರವೇ. ನಾಲ್ಕು ತಿಂಗಳು ಕಡತ ಕಪಾಟಿನಲ್ಲೇ ಇತ್ತು.

ಅಜ್ಜಿ ಕೆಟ್ಟವರಲ್ಲ. ರಕ್ತ ಹಾಕಿಸಿ ಬಂದ ಮೊಮ್ಮಗಳಿಗೆ ರಾತ್ರಿ ಪೂರ್ತಿ ಗಾಳಿ ಬೀಸುತ್ತಿದ್ದವರು ಅವರೇ. ಆದರೆ ಮಜ್ಜೆ ಪಡೆಯಬೇಕಾದದ್ದು ಗಂಡುಮಗು, ಕೊಡಬೇಕಾದದ್ದು ಹೆಣ್ಣುಮಗು ಆಗಿದ್ದರೆ ಈ ಮಾತು ಆ ಮನೆಯಲ್ಲಿ ಏಳುತ್ತಿತ್ತೇ? ಹೀಗೆ ಒಂದು ಸಭೆಯಲ್ಲಿ ಕೇಳಿದಾಗ ಮಹಿಳೆಯರೆಲ್ಲ ನಕ್ಕರು. ಆ ನಗುವಿನ ಅರ್ಥ ನಮಗೆಲ್ಲ ಗೊತ್ತಿದೆ.

ಕೊನೆಗೆ ಅಜ್ಜಿಯನ್ನೂ ಬೆಂಗಳೂರಿಗೆ ಕರೆದುಕೊಂಡು ಹೋದೆವು. ವೈದ್ಯರು ಬಿಡಿಸಿ ಹೇಳಿದರು. ಹುಡುಗನಿಗೆ ಪೂರ್ತಿ ಅರಿವಳಿಕೆ ಕೊಟ್ಟು, ಮಗ್ಗುಲು ತಿರುಗಿಸಿ, ಸೊಂಟದ ಮೂಳೆಯ ಹಿಂಭಾಗದಿಂದ ಸೂಜಿಯಲ್ಲಿ ಮಜ್ಜೆ ಎಳೆಯುತ್ತೇವೆ. ಮೂಳೆ ಕತ್ತರಿಸುವುದಿಲ್ಲ, ಹೊಲಿಗೆ ಇಲ್ಲ. ಒಂದೆರಡು ಗಂಟೆ ಹಿಡಿಯುತ್ತದೆ. ಕೊಡುವವರ ತೂಕದ ಪ್ರತಿ ಕಿಲೋಗೆ 20 ಮಿಲಿಲೀಟರ್ ದಾಟುವ ಹಾಗಿಲ್ಲ. ತೆಗೆದಷ್ಟು ಮಜ್ಜೆ ಕೆಲವೇ ವಾರಗಳಲ್ಲಿ ದೇಹದಲ್ಲಿ ತಾನೇ ತುಂಬಿಕೊಳ್ಳುತ್ತದೆ. ಕಿಡ್ನಿ ಕೊಟ್ಟ ಹಾಗಲ್ಲ ಇದು, ಕೊಟ್ಟವರಿಗೆ ಏನೂ ಕಡಿಮೆಯಾಗಿ ಉಳಿಯುವುದಿಲ್ಲ.

ಹಾಗಂತ ಅಪಾಯವೇ ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಅರಿವಳಿಕೆಗೆ ಅದರದೇ ಸಣ್ಣ ಅಪಾಯ ಇದೆ. ಸೊಂಟ ಕೆಲವು ದಿನ ನೋಯುತ್ತದೆ, ಚುಚ್ಚಿದ ಜಾಗ ಕಂದುಗಟ್ಟುತ್ತದೆ, ಸುಸ್ತು ಇರುತ್ತದೆ. ಅಪರೂಪಕ್ಕೆ ಸೋಂಕು ಆಗಬಹುದು. ತೀರಾ ಚಿಕ್ಕ ಮಗುವಾದರೆ ಅದಕ್ಕೂ ಸ್ವಲ್ಪ ರಕ್ತ ಕೊಡಬೇಕಾಗಬಹುದು. ದೊಡ್ಡವರಾದರೆ ಕೆಲವು ದಿನ ಇಂಜೆಕ್ಷನ್ ಕೊಟ್ಟು, ಕೈಯ ನಾಳದಿಂದಲೇ ಯಂತ್ರದ ಮೂಲಕ ಮೂಲಕೋಶ ತೆಗೆಯುವ ಕ್ರಮವೂ ಇದೆ. ಥಲಸ್ಸೇಮಿಯಾ ಮಕ್ಕಳಿಗೆ ಮೂಳೆಯಿಂದ ತೆಗೆದ ಮಜ್ಜೆಯೇ ಒಳ್ಳೆಯದು ಎಂದು ವೈದ್ಯರು ಹೇಳಿದರು.

ಅಜ್ಜಿ ಒಂದೇ ಪ್ರಶ್ನೆ ಕೇಳಿದರು. 'ನಿಮ್ಮ್ ಮಗ ಆಗಿದ್ರೆ ಕೊಡುಸ್ತಿದ್ರಾ ಡಾಕ್ಟ್ರೇ?' ವೈದ್ಯೆ 'ಕೊಡಿಸ್ತಿದ್ದೆ ಅಜ್ಜಿ, ಆದ್ರೆ ಮೊದಲು ಅವನನ್ನ ಕೇಳ್ತಿದ್ದೆ' ಎಂದರು.

ಹುಡುಗನನ್ನು ಯಾರು ಕೇಳಿದರು?

ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಸಹಿ ಹಾಕುವವರು ತಂದೆತಾಯಿ ನಿಜ, ಒಂಬತ್ತು ವರ್ಷದವನ ಸಹಿ ನಡೆಯುವುದಿಲ್ಲ. ಆದರೆ ಸೂಜಿ ಚುಚ್ಚುವುದು ಅವನಿಗೆ. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಎಂಬ ಮಕ್ಕಳ ವೈದ್ಯರ ಸಂಘ 2010ರಲ್ಲಿ ಈ ವಿಷಯಕ್ಕೇ ಮಾರ್ಗಸೂಚಿ ಪ್ರಕಟಿಸಿತು. ಕೊಡಬಲ್ಲ ದೊಡ್ಡವರು ಕುಟುಂಬದಲ್ಲಿ ಬೇರೆ ಯಾರೂ ಇಲ್ಲದಿದ್ದಾಗ, ಇಬ್ಬರು ಮಕ್ಕಳ ನಡುವೆ ಪ್ರೀತಿಯ ಸಂಬಂಧ ಇದ್ದಾಗ, ಪಡೆಯುವ ಮಗುವಿಗೆ ಪ್ರಯೋಜನವಾಗುವ ನಿರೀಕ್ಷೆ ಇದ್ದಾಗ, ಕೊಡುವ ಮಗುವಿನ ಮೈಗೂ ಮನಸ್ಸಿಗೂ ಆಗುವ ತೊಂದರೆಯನ್ನು ಆದಷ್ಟು ಕಡಿಮೆ ಮಾಡಿ, ತಂದೆತಾಯಿಯ ಒಪ್ಪಿಗೆಯ ಜೊತೆಗೆ ಆ ಮಗುವಿನ ಒಪ್ಪಿಗೆಯನ್ನೂ ಪಡೆದು ಮುಂದುವರಿಯಬಹುದು ಎನ್ನುತ್ತದೆ ಅದು. ಕೊಡುವ ಮಗುವಿನ ಪರವಾಗಿ ಮಾತಾಡಲು, ಚಿಕಿತ್ಸೆ ಮಾಡುವ ತಂಡದ ಹೊರಗಿನ ಒಬ್ಬರು ಇರಬೇಕು ಎಂದೂ ಹೇಳುತ್ತದೆ. ನಮ್ಮಲ್ಲಿ ಇದನ್ನು ಕಡ್ಡಾಯವಾಗಿ ಪಾಲಿಸುವುದು ದೂರದ ಮಾತು. ಆದರೂ ಮನೆಯವರು ಕೇಳಿದರೆ ಆಸ್ಪತ್ರೆಯ ಆಪ್ತಸಮಾಲೋಚಕರನ್ನೋ ಸಮಾಜ ಕಾರ್ಯಕರ್ತರನ್ನೋ ಹುಡುಗನ ಜೊತೆ ಕೂರಿಸುತ್ತಾರೆ. ಕೇಳಬೇಕು, ಅಷ್ಟೇ.

ಆಪ್ತಸಮಾಲೋಚಕಿ ಅರ್ಧ ದಿನ ಅವನ ಜೊತೆ ಕೂತರು. ಗೊಂಬೆಯ ಸೊಂಟಕ್ಕೆ ಸಿರಿಂಜ್ ಚುಚ್ಚಿ ತೋರಿಸಿದರು. ಹುಡುಗನ ಭಯ ದೊಡ್ಡವರು ಊಹಿಸಿದ್ದೇ ಆಗಿರಲಿಲ್ಲ. ನೋವಿಗೆ ಅವನು ಅಂಜಿರಲಿಲ್ಲ. ತನ್ನ ಮಜ್ಜೆ ಹೋದ ಮೇಲೆ ತಾನೂ ತಂಗಿಯ ಹಾಗೆ ತಿಂಗಳು ತಿಂಗಳು ರಕ್ತ ಹಾಕಿಸಿಕೊಳ್ಳಬೇಕು ಎಂದುಕೊಂಡಿದ್ದ! ಅದನ್ನು ಇಷ್ಟು ತಿಂಗಳು ಒಳಗೇ ಇಟ್ಟುಕೊಂಡಿದ್ದ. ಇಲ್ಲ ಕಣೋ, ನಿಂದು ಮತ್ತೆ ಬೆಳೆಯುತ್ತೆ, ಉಗುರು ಬೆಳೆದ ಹಾಗೆ ಎಂದಾಗ ಅವನ ಮುಖ ನೋಡಬೇಕಿತ್ತು. 'ಹಂಗಾದ್ರೆ ತಗೊಳ್ಳಿ' ಎಂದ. ಒಂದು ಷರತ್ತು ಮಾತ್ರ ಹಾಕಿದ, ಅರಿವಳಿಕೆ ಕೊಡುವವರೆಗೂ ಅಪ್ಪ ಕೈ ಹಿಡಿದುಕೊಂಡಿರಬೇಕು.

ಅವನ ತೂಕ 24 ಕಿಲೋ. ತೆಗೆದದ್ದು ಸುಮಾರು 300 ಮಿಲಿಲೀಟರ್. ಬೆಳಿಗ್ಗೆ ಒಳಗೆ ಹೋದವನು ಮಧ್ಯಾಹ್ನ ಎಚ್ಚರವಾಗಿ ಮೊದಲು ಕೇಳಿದ್ದು ಇಡ್ಲಿ. ಮಾರನೇ ದಿನ ಕುಂಟಿಕೊಂಡು ನಡೆದ. ಮೂರನೇ ದಿನ ಆಸ್ಪತ್ರೆಯಿಂದ ಬಿಟ್ಟರು. ವಾರ ಹತ್ತು ದಿನ ನೋವಿನ ಮಾತ್ರೆ, ಕೆಲವು ವಾರ ಕಬ್ಬಿಣದ ಮಾತ್ರೆ. ತಿಂಗಳು ಕಳೆಯುವಷ್ಟರಲ್ಲಿ ಕಬಡ್ಡಿಗೆ ಇಳಿದಿದ್ದ.

ಎರಡು ಮಕ್ಕಳು, ಒಬ್ಬ ತಾಯಿ

ಮೈಯ ಲೆಕ್ಕ ಅಲ್ಲಿಗೆ ಮುಗಿಯಿತು. ಮನಸ್ಸಿನ ಲೆಕ್ಕ ಆಮೇಲೆ ಶುರುವಾಯಿತು. ತಂಗಿ ಶುದ್ಧಗಾಳಿಯ ಪ್ರತ್ಯೇಕ ಕೋಣೆಯಲ್ಲಿ, ತಾಯಿ ಅವಳ ಜೊತೆ. ಕೂದಲು ಉದುರಿ, ಬಾಯಿ ಹುಣ್ಣಾಗಿ, ಎಂಜಲು ನುಂಗಲೂ ಆಗದೆ ಆ ಮಗು ಪಟ್ಟ ಕಷ್ಟ ಹೇಳತೀರದು. ಹದಿನೆಂಟನೇ ದಿನ ಬಿಳಿ ಕಣಗಳ ಸಂಖ್ಯೆ ಏರತೊಡಗಿತು. ಆಸ್ಪತ್ರೆ ಬಿಟ್ಟ ಮೇಲೂ ನೂರು ದಿನ ತುಂಬುವವರೆಗೆ ಹತ್ತಿರದಲ್ಲೇ ಬಾಡಿಗೆ ಕೋಣೆ ಹಿಡಿದು ಇರಬೇಕಾಯಿತು. ಸೋಂಕು ತಗುಲಿದರೆ ಜೀವಕ್ಕೇ ಅಪಾಯ.

ಬಂದ ನೆಂಟರೆಲ್ಲ ತಂಗಿಗೆ ಗೊಂಬೆ, ಫ್ರಾಕು ತಂದರು. ಹುಡುಗನ ಬೆನ್ನು ತಟ್ಟಿ 'ಶಹಬ್ಬಾಸ್' ಎಂದು ಹೋದರು. ಅವನು ಊರಿನಲ್ಲಿ ಅಜ್ಜಿ, ಅಕ್ಕನ ಜೊತೆ. ತಾಯಿಯ ಮುಖ ಕಾಣದೆ ಮೂರು ತಿಂಗಳು. ಶಾಲೆಯಲ್ಲಿ ಮಂಕಾಗಿ ಕೂರುತ್ತಿದ್ದಾನೆಂದು ಟೀಚರ್ ಹೇಳಿ ಕಳಿಸಿದರು. ಅಕ್ಕ ಬೆಳಿಗ್ಗೆ ಎದ್ದು ಅನ್ನ ಮಾಡಿ, ಅಜ್ಜಿಗೆ ಮಾತ್ರೆ ಕೊಟ್ಟು, ತಮ್ಮನನ್ನು ಹೊರಡಿಸಿ ಶಾಲೆಗೆ ಹೋಗುತ್ತಿದ್ದಳು. ಅವಳ ಕಥೆಯನ್ನಂತೂ ಯಾರೂ ಕೇಳಲಿಲ್ಲ.

ಒಂದು ತಿಂಗಳಾದ ಮೇಲೆ ತಂಗಿಯ ಅಂಗೈ, ಅಂಗಾಲು ಕೆಂಪಾಗಿ ಗುಳ್ಳೆ ಎದ್ದವು, ಭೇದಿ ಶುರುವಾಯಿತು. ಬಂದ ಮಜ್ಜೆಯ ಕೋಶಗಳು ಹೊಸ ಮೈಯನ್ನು ಪರಕೀಯವೆಂದು ತಿಳಿದು ಅದರ ಮೇಲೆ ತಿರುಗಿಬೀಳುವುದುಂಟು. ಪೂರ್ತಿ ಕೂಡಿದ ಒಡಹುಟ್ಟಿದವರ ಮಜ್ಜೆಯಲ್ಲೂ ಇದು ಆಗಬಹುದು. ಇದನ್ನು ತಡೆಯಲೆಂದೇ ತಿಂಗಳುಗಟ್ಟಲೆ ಸೈಕ್ಲೋಸ್ಪೊರಿನ್ ಕೊಡುತ್ತಾರೆ. ಸ್ಟೀರಾಯ್ಡ್ ಸೇರಿಸಿದ ಮೇಲೆ ಅವಳಿಗೆ ಗುಣವಾಯಿತು. ಆದರೆ ಫೋನಿನಲ್ಲಿ ಯಾರೋ 'ಅಣ್ಣನ ರಕ್ತ ಅವಳಿಗೆ ಆಗಿಬರ್ತಿಲ್ಲ' ಅಂದದ್ದು ಹುಡುಗನ ಕಿವಿಗೆ ಬಿತ್ತು. ರಾತ್ರಿ ತಾಯಿಗೆ ಫೋನ್ ಮಾಡಿಸಿ ಕೇಳಿದ: 'ಅಮ್ಮಾ, ನಂದು ಸರಿ ಇರ್ಲಿಲ್ವಾ?'

ಈ ಪ್ರಶ್ನೆಗೆ ಉತ್ತರ ಕಸಿಗಿಂತ ಮೊದಲೇ ಹೇಳಿರಬೇಕು. ಕೂಡಿದ ಒಡಹುಟ್ಟಿದವರಿದ್ದು, ಚಿಕ್ಕ ವಯಸ್ಸಿನಲ್ಲಿ, ಪಿತ್ತಜನಕಾಂಗ ಕೆಡುವ ಮೊದಲು ಮಾಡಿದರೆ ಥಲಸ್ಸೇಮಿಯಾ ಕಸಿ ಹತ್ತರಲ್ಲಿ ಎಂಟು ಒಂಬತ್ತು ಮಕ್ಕಳಿಗೆ ಫಲಿಸುತ್ತದೆ. ಉಳಿದ ಒಂದೆರಡು ಮನೆಗಳೂ ಇವೆಯಲ್ಲ? ಅಲ್ಲಿ ಕೊಟ್ಟ ಮಗು ಜೀವನವಿಡೀ ತನ್ನನ್ನೇ ದೂರಿಕೊಳ್ಳಬಾರದು. ಕೊಡೋದಷ್ಟೇ ನಿನ್ನ ಕೆಲಸ, ಆಮೇಲಿನದು ಡಾಕ್ಟರದು, ಔಷಧಿಯದು, ಏನಾದರೂ ನಿನ್ನ ತಪ್ಪಲ್ಲ ಎಂದು ಅದಕ್ಕೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕು. ಈ ತಂದೆ ಮಾರನೇ ದಿನವೇ ಬಾಡಿಗೆ ಬಿಟ್ಟು ಮಗನನ್ನು ಬೆಂಗಳೂರಿಗೆ ಕರೆದೊಯ್ದರು. ಗಾಜಿನಾಚೆಯಿಂದ ಅಣ್ಣ ತಂಗಿ ಒಬ್ಬರಿಗೊಬ್ಬರು ನಾಲಗೆ ಚಾಚಿ ಅಣಕಿಸಿಕೊಂಡರು. ನೂರು ಸಮಾಧಾನದ ಮಾತಿಗಿಂತ ಅದು ಹೆಚ್ಚು ಕೆಲಸ ಮಾಡಿತು.

ಈಗ ಎರಡು ವರ್ಷ ತುಂಬಿದೆ. ತಂಗಿಗೆ ಹೊರಗಿನ ರಕ್ತ ಬೇಕಾಗಿಲ್ಲ. ಮೊದಲು ಎ ಪಾಸಿಟಿವ್ ಇದ್ದವಳ ರಕ್ತದ ಗುಂಪು ಈಗ ಅಣ್ಣನ ಹಾಗೆ ಓ ಪಾಸಿಟಿವ್! ಚುಚ್ಚುಮದ್ದುಗಳನ್ನೆಲ್ಲ ಹಸುಗೂಸಿನ ಹಾಗೆ ಮೊದಲಿನಿಂದ ಹಾಕಿಸುತ್ತಿದ್ದಾರೆ. ಮೈಯಲ್ಲಿ ಹಿಂದೆ ಸೇರಿಕೊಂಡ ಕಬ್ಬಿಣ ಇಳಿಸುವ ಚಿಕಿತ್ಸೆ ಇನ್ನೂ ಇದೆ. ಕಸಿಗೆ ಕೊಟ್ಟ ಔಷಧಿಯಿಂದ ಮುಂದೆ ಮಕ್ಕಳಾಗುವುದಕ್ಕೆ ತೊಂದರೆ ಬರಬಹುದು ಎಂಬುದನ್ನೂ ವೈದ್ಯರು ಮುಚ್ಚಿಡದೆ ಹೇಳಿದ್ದಾರೆ.

ಹಣ ಮತ್ತು ಕಾಗದಪತ್ರ

ಕೂಡುವ ಒಡಹುಟ್ಟಿದವರಿದ್ದರೂ ಖರ್ಚು ಹಲವು ಲಕ್ಷ ರೂಪಾಯಿ. ಕೋಲ್ ಇಂಡಿಯಾ ಕಂಪನಿಯ ನೆರವಿನಿಂದ 2017ರಲ್ಲಿ ಆರಂಭವಾದ ಥಲಸ್ಸೇಮಿಯಾ ಬಾಲ ಸೇವಾ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಒಂದು ಮಗುವಿಗೆ 10 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ವೆಲ್ಲೂರಿನ ಆಸ್ಪತ್ರೆಯೂ ಆ ಪಟ್ಟಿಯಲ್ಲಿದೆ. ವಯಸ್ಸು, ಆದಾಯದ ಮಿತಿ ಇದೆ, ಆಸ್ಪತ್ರೆಯ ಮೂಲಕವೇ ಅರ್ಜಿ ಹೋಗಬೇಕು. ಪ್ರಧಾನ ಮಂತ್ರಿಗಳ ಮತ್ತು ಮುಖ್ಯಮಂತ್ರಿಗಳ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು. ಆದರೆ ಬಾಡಿಗೆ ಕೋಣೆ, ಊಟ, ತಂದೆಯ ದುಡಿಮೆ ನಿಂತ ನಷ್ಟ, ಇವು ಯಾವ ಯೋಜನೆಯಲ್ಲೂ ಬರುವುದಿಲ್ಲ. ಈ ಕುಟುಂಬಕ್ಕೆ ಸಂಘದ ಸಾಲ, ಊರಿನವರ ಕೈಗಡ ನೆರವಾಯಿತು, ಇನ್ನೂ ತೀರಿಲ್ಲ. ಥಲಸ್ಸೇಮಿಯಾವನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸೇರಿಸಲಾಗಿದೆ ಎಂಬುದು ಬಹಳ ಮನೆಗಳಿಗೆ ಗೊತ್ತಿಲ್ಲ. ಕಾಯಿಲೆಯ ಮಗುವಿಗೆ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ.

ಇನ್ನೊಂದು ವಿಷಯ ಉಳಿದಿದೆ. ಮಜ್ಜೆ ಕೊಟ್ಟ ಹುಡುಗ ಸ್ವತಃ ಥಲಸ್ಸೇಮಿಯಾ ಮೈನರ್, ಅಂದರೆ ದೋಷದ ಒಂದು ಪ್ರತಿ ಅವನಲ್ಲೂ ಇದೆ. ಅದರಿಂದ ಮಜ್ಜೆ ಕೊಡಲು ಅಡ್ಡಿಯಿಲ್ಲ, ಅವನ ಆರೋಗ್ಯಕ್ಕೂ ತೊಂದರೆಯಿಲ್ಲ. ತಂಗಿಯ ರಕ್ತವೂ ಈಗ ಅವನದರಂತೆಯೇ ಮೈನರ್. ಅಕ್ಕನ ಎಚ್‌ಬಿಎ2 ಪರೀಕ್ಷೆಯ ವರದಿ ಇನ್ನೂ ಬರಬೇಕು. ಈ ಮಕ್ಕಳು ಮುಂದೆ ಮದುವೆಯಾಗುವಾಗ ಆ ಕಡೆಯವರದೂ ಈ ಪರೀಕ್ಷೆ ಆಗಬೇಕು. ಅಜ್ಜಿ ಈಗಲೇ ಬೀಗರು ಬಂದರೆ ಜಾತಕಕ್ಕಿಂತ ಮೊದಲು ರಿಪೋರ್ಟ್ ಕೇಳ್ತೀನಿ ಎನ್ನುತ್ತಿದ್ದಾರೆ. ಸೋದರತ್ತೆ, ಚಿಕ್ಕಪ್ಪಂದಿರ ಮನೆಗಳಲ್ಲೂ ಪರೀಕ್ಷೆ ಮಾಡಿಸುವಂತೆ ತಿಳಿಸಿದ್ದೇವೆ. ಇದುವರೆಗೆ ಇಬ್ಬರು ಮಾಡಿಸಿಕೊಂಡಿದ್ದಾರೆ.